ಪಾಠದ ಕೊನೆಯ ಪಟ್ಟಿ ಓದಿದವಳು

ಪಠ್ಯಪುಸ್ತಕದಲ್ಲಿ ಪಾಠ ಮುಗಿದು, ಪ್ರಶ್ನೆಗಳೂ ಮುಗಿದು, ಕಟ್ಟಕಡೆಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಹೆಚ್ಚಿನ ಓದಿಗೆ’ ಎಂದು ಒಂದು ಪಟ್ಟಿ ಇರುತ್ತದಲ್ಲ? ಅದನ್ನು ಬರೆದವರು ಓದಿರುವುದಿಲ್ಲ, ಅಚ್ಚು ಹಾಕಿದವರು ಓದಿರುವುದಿಲ್ಲ, ಪಾಠ ಮಾಡುವವರಂತೂ ಓದಿರುವುದೇ ಇಲ್ಲ. ಈ ಭೂಮಂಡಲದಲ್ಲಿ ಆ ಪಟ್ಟಿಯನ್ನು ನಿಜವಾಗಿ ಓದಿದ ಜೀವ ಒಂದೇ ಒಂದು. ಅದು ನಮ್ಮ ಮನೆಯಲ್ಲೇ ಇದೆ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ!

ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಅಕ್ಕೋರು. ನಮ್ಮ ಕಡೆ ಟೀಚರಮ್ಮನಿಗೆ ಹಾಗೆನ್ನುತ್ತಾರೆ. ಮನೆ ಕುಮಟೆಯಲ್ಲಿ. ‘ಆರ್ಥಿಕ ಅಭಿವೃದ್ಧಿ’ ಮತ್ತು ‘ಗ್ರಾಹಕರ ಹಕ್ಕುಗಳು’ ಎಂಬ ಎರಡು ಪಾಠಗಳನ್ನು ನಾನು ಹದಿನಾಲ್ಕು ವರ್ಷ ಕಲಿಸಿದ್ದೇನೆ. ಕಲಿಸುವುದೆಂದರೆ ಎಂತ? ಹಳೇ ನೋಟ್ಸು ತೆಗೆದು, ‘ಬರ್ಕಳಿ’ ಎಂದು ಓದುತ್ತಾ ಹೋಗುವುದು. ನನ್ನ ಕ್ಲಾಸಿನ ಮಕ್ಕಳು ಒಬ್ಬರೂ ಫೇಲಾದದ್ದಿಲ್ಲ. ಇಂಥ ನನಗೆ, ಏಳನೆತ್ತಕ್ಕೆ, ಅಂದರೆ ಏಳನೇ ಕ್ಲಾಸಿಗೇ, ಶಾಲೆ ಬಿಟ್ಟು ಬಾಡ ಎಂಬ ಊರಿನಿಂದ ಮದುವೆಯಾಗಿ ಬಂದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿತೆಂದರೆ ನೀವು ನಂಬುತ್ತೀರಾ? ನಂಬಿ. ಹೊಟ್ಟೆ ಉರಿಗೆ ಮುರುಗಲ ಹಣ್ಣಿನ ಪಾನಕ ಒಳ್ಳೆಯದೆನ್ನುತ್ತಾರೆ. ನಾನು ಆ ಎರಡು ವರ್ಷ ಕುಡಿದ ಪಾನಕಕ್ಕೆ ಕುಮಟೆ ಪೇಟೆಯಲ್ಲಿ ಮುರುಗಲ ಹಣ್ಣಿನ ದರವೇ ಏರಿರಬೇಕು!

ಶುರು ಮಾಡಿದ್ದು ನಾನೇ. ಕೊಂಕಣ ರೈಲು ಓಡಲು ತೊಡಗಿ ಒಂದೆರಡು ವರ್ಷವಾಗಿತ್ತು. ನಮ್ಮ ಕೇರಿಗೆ ಅಂಗನವಾಡಿ ಬರುತ್ತದೆ, ಹತ್ತನೆತ್ತ ಪಾಸಾದವರಿಗೆ ಅದರಲ್ಲಿ ಕೆಲಸ ಸಿಗುತ್ತದೆ ಎಂದು ಸುದ್ದಿಯಾಯಿತು. “ಪ್ರೈವೇಟಾಗಿ ಪರೀಕ್ಷೆಗೆ ಕೂತ್ಕ. ನಾನು ಹೇಳ್ಕೊಡ್ತೆ” ಎಂದು ದೊಡ್ಡ ಮನಸ್ಸು ಮಾಡಿ ನನ್ನ ಸಮಾಜ ವಿಜ್ಞಾನದ ಪುಸ್ತಕವನ್ನು ಅವಳ ಕೈಗಿಟ್ಟೆ. ನಾಲ್ಕು ದಿನ ಬಿಟ್ಟು, ಬಂಗಡೆ ಹೆಚ್ಚುತ್ತಿದ್ದವಳು ತಲೆಯೆತ್ತಿ ಕೇಳಿದಳು.

“ಅಕ್ಕೋರೇ, ಈ ಪಟ್ಟೀಲಿ ಐದು ಪುಸ್ತಕ ಬರ್ದಿದ್ರಲ್ಲ, ಅವು ಎಲ್ಲಿ ಸಿಕ್ತವೆ?”

“ಅದು ಓದುಕಲ್ಲ ಮಾರಾಯ್ತಿ. ಬರ್ದಿರ್ತ್ರು ಅಷ್ಟೆ.”

“ಓದುಕಲ್ದಿದ್ರೆ ‘ಓದಿಗೆ’ ಅಂತ ಎಂತಕೆ ಬರ್ದ್ರು?”

ನಾನು ಎದ್ದು ಹೋಗಿ ನನ್ನ ಹಳೇ ನೋಟ್ಸು ತಿರುವಿ ಹಾಕಿದೆ.

ಮರುದಿನವೇ ಅವಳು ಕುಮಟೆಯ ಗ್ರಂಥಾಲಯಕ್ಕೆ ಹೋಗಿ ಪಟ್ಟಿಯ ಮೊದಲ ಪುಸ್ತಕ ಕೇಳಿದಳು. ಅಲ್ಲಿದ್ದವರು ಅವಳ ಮುಖವನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿ, ಏಣಿ ಹಾಕಿ, ಮೇಲಿನ ಅಟ್ಟದಿಂದ ಆ ಪುಸ್ತಕ ಇಳಿಸಿದರಂತೆ. ಬಂದು ಹತ್ತು ವರ್ಷವಾದರೂ ಅದರ ಹಿಂದಿನ ಚೀಟಿಯಲ್ಲಿ ಒಂದು ತಾರೀಖೂ ಬಿದ್ದಿರಲಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಸಂಸಾರ ಮಾಡುತ್ತಿದ್ದವು. ಇವಳು ಮೀನಿನ ಕತ್ತಿಯ ತುದಿಯಿಂದ ಒಂದೊಂದಾಗಿ ಬಿಡಿಸಿ ಓದಿದಳು. ಕತ್ತಿಯನ್ನು ತೊಳೆದಿದ್ದೆ ಎಂದು ಅವಳು ಇವತ್ತಿಗೂ ಆಣೆ ಹಾಕುತ್ತಾಳೆ. ಆದರೆ ಪುಸ್ತಕ ಹಿಂದಿರುಗಿಸಲು ಹೋದಾಗ ನಮ್ಮ ಬೆಕ್ಕು ಗ್ರಂಥಾಲಯದ ಮೆಟ್ಟಿಲವರೆಗೂ ಅವಳ ಹಿಂದೆಯೇ ಹೋಗಿತ್ತು! ಆರ್ಥಿಕ ಅಭಿವೃದ್ಧಿಯಲ್ಲಿ ಅಷ್ಟು ಆಸಕ್ತಿ ತೋರಿಸಿದ ಬೆಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯದಕ್ಕೆ ನನ್ನ ಜೊತೆಗೇ ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದಳು. ಮೂರು ಮತ್ತು ನಾಲ್ಕನೆಯದು ಭಟ್ಕಳದಲ್ಲಿ ಸಿಕ್ಕವು. ಐದನೆಯದು ಮಾತ್ರ ಎಲ್ಲಿಯೂ ಇರಲಿಲ್ಲ. ಓದಿದ್ದನ್ನು ತನ್ನಷ್ಟಕ್ಕೆ ಇಟ್ಟುಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅವಳು ಅದನ್ನು ಮನೆಯೊಳಗೆ ಪ್ರಯೋಗ ಮಾಡತೊಡಗಿದಳು.

ಒಂದು ದಿನ ಅಕ್ಕಿ ಆರಿಸುತ್ತಾ ಅತ್ತೆಗೆ ‘ತಲಾ ಆದಾಯ’ದ ಪಾಠವಾಯಿತು.

“ಮನೆಗೆ ಬರುದೆಲ್ಲ ಕೂಡ್ಸಿ, ಎಷ್ಟು ತಲೆ ಅದೆ ಅಷ್ಟಕ್ಕೆ ಭಾಗ ಮಾಡುದು ಅತ್ತೆ. ಈಗ ಅಕ್ಕೋರಿಗೆ ಪಗಾರ ಅದೆ, ನಂಗೆ ಸೊನ್ನೆ. ಪುಸ್ತಕದ ಪ್ರಕಾರ ನಾವು ಇಬ್ರೂ ಸಮಾ ಶ್ರೀಮಂತ್ರು.”

“ಹಂಗಾರೆ ಬೆಕ್ಕಿಗೂ ಒಂದು ತಲೆ ಅದೆ ಅಲ್ದನೆ?” ಎಂದರು ಅತ್ತೆ.

“ಅದ್ಕೇ ಆ ಲೆಕ್ಕ ಒಂದೇ ನಂಬುಕಾಗ ಅಂತ ಮೂರ್ನೇ ಪುಸ್ತಕದಲ್ಲಿ ಬರ್ದಿದ್ರು. ಭಾಗ ಮಾಡ್ದ್ರೆ ಕಾಗ್ದದಲ್ಲಿ ಎಲ್ರ ಹೊಟ್ಟೆನೂ ತುಂಬ್ತದೆ. ಯಾರು ಉಂಡ್ರು, ಯಾರು ಬಿಟ್ರು ಅಂತ ಗೊತ್ತಾಗುದಿಲ್ಲ.”

ಹದಿನಾಲ್ಕು ವರ್ಷ ನಾನು ‘ತಲಾ ಆದಾಯದ ಮಿತಿಗಳು: ಒಂದು, ಎರಡು, ಮೂರು’ ಎಂದು ಬರೆಸುತ್ತಿದ್ದೆನಲ್ಲ, ಅದರ ಅರ್ಥ ಇದು ಎಂದು ನನಗೆ ಆ ಅಕ್ಕಿಯ ಗೆರಸಿಯ ಮುಂದೆ ಗೊತ್ತಾಯಿತು. ಕೂಡಲೇ ಎದ್ದು ಹೋಗಿ ಒಂದು ಲೋಟ ಪಾನಕ ಕುಡಿದೆ. ಆ ದೀಪಾವಳಿಗೆ ಅವಳಿಗೂ ನನಗೂ ಒಂದೇ ದರದ ಸೀರೆ ತಂದೆ. ಪ್ರೀತಿಯಿಂದಲ್ಲ, ಹೆದರಿಕೆಯಿಂದ!

ಅವಳು ತನ್ನ ಅವ್ವನನ್ನೂ ಬಿಡಲಿಲ್ಲ. ಆ ಹೆಂಗಸು ಬಾಡದಿಂದ ಬುಟ್ಟಿ ಹೊತ್ತು ಕುಮಟೆಗೆ ಬಂದು ಮೀನು ಮಾರುವವಳು. ಒಂದು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿದ್ದೇ ತಡ, ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ಇದು ಇವತ್ತಿಂದಾ, ನಿನ್ನೆದಾ? ಮಾಹಿತಿ ಪಡ್ಯುದು ಗ್ರಾಹಕರ ಹಕ್ಕು.”

ಅವ್ವ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು ಹೇಳಿದಳು: “ಮೀನಿನ ಕಣ್ಣು ನೋಡಿ ತಿಳ್ಕಳುಕೆ ನಿಂಗೆ ಮೊಲೆಹಾಲು ಬಿಡ್ಸುಕಿಂತ ಮೊದ್ಲೇ ಕಲ್ಸಿದ್ದೆ. ಅದು ಯಾವ ಪುಸ್ತಕದಲ್ಲಿ ಅದ್ಯೆ, ಹೇಳು?”

ಆ ದಿನ ನನಗಾದ ಸಂತೋಷ ಹೇಳತೀರದು. ಆ ತಾಯಿಗೆ ನಾನು ಎರಡು ಸಲ ಚಹಾ ಕೊಟ್ಟೆ.

ಪರೀಕ್ಷೆಯೂ ಆಯಿತು. ಪಾಸಾದಳು. ಗಣಿತದಲ್ಲಿ ಅರವತ್ತು, ಕನ್ನಡದಲ್ಲಿ ಎಪ್ಪತ್ತು. ಸಮಾಜ ವಿಜ್ಞಾನದಲ್ಲಿ? ಮೂವತ್ತೆಂಟು! ‘ಆರ್ಥಿಕ ಅಭಿವೃದ್ಧಿ ಎಂದರೇನು?’ ಎಂಬ ಎರಡು ಅಂಕದ ಪ್ರಶ್ನೆಗೆ ಈ ಮಹಾತಾಯಿ ನಾಲ್ಕು ಹೆಚ್ಚುವರಿ ಹಾಳೆ ತೆಗೆದುಕೊಂಡು ಬರೆದಿದ್ದಳು. ಐದನೇ ಹಾಳೆ ಕೇಳುವಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಮನೆಯಲ್ಲಿ ನಾನೇ ನಿಂತು ಪಾಯಸ ಮಾಡಿದೆ. ಅವಳು ಪಾಸಾದ ಖುಷಿಗೆ ಎಂದು ಎಲ್ಲರೂ ತಿಳಿದರು. ಹಾಗೇ ತಿಳಿಯಲಿ ಎಂದು ಗೋಡಂಬಿಯನ್ನೂ ಧಾರಾಳ ಹಾಕಿದೆ.

ಅಂಗನವಾಡಿ ಇನ್ನೂ ಸುದ್ದಿಯಾಗಿಯೇ ಉಳಿದಿತ್ತು. ಇಷ್ಟಕ್ಕೇ ನಿಂತಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ನಡುವೆ ನನ್ನ ಫ್ರಿಜ್ಜು ಬಂತು.

ನಮ್ಮ ಕೇರಿಯ ಮೊದಲ ಫ್ರಿಜ್ಜು ನನ್ನದು. ಕಂತು ಕಟ್ಟಿ ಪೇಟೆಯಲ್ಲಿ ಕೊಂಡದ್ದು. ತಂದು ಎರಡೇ ತಿಂಗಳಿಗೆ ತಂಪು ಕೊಡುವುದನ್ನು ನಿಲ್ಲಿಸಿತು. ಅಂಗಡಿಯವರು ‘ಕರೆಂಟಿನ ದೋಷ’ ಎಂದರು. ಗುರ್ತದವರು, ಎದುರು ಮಾತಾಡುವುದು ಹೇಗೆ? ಸುಮ್ಮನೆ ಮನೆಗೆ ಬಂದೆ. ಕೇರಿಯವರಿಗೆ ಗೊತ್ತಾದರೆ ಮಾನ ಹೋದೀತೆಂದು ಅದನ್ನು ಕಪಾಟಿನ ಹಾಗೆ ಬಳಸತೊಡಗಿದೆವು. ಮೇಲಿನ ಅಂಕಣದಲ್ಲಿ ಹಪ್ಪಳ, ಬಾಗಿಲಿನಲ್ಲಿ ಅತ್ತೆಯ ಎಲೆಯಡಿಕೆ, ಕೆಳಗೆ ನನ್ನ ಶಾಲೆಯ ಉತ್ತರಪತ್ರಿಕೆ. ಒಂದು ಸಂಜೆ ಹಪ್ಪಳ ತೆಗೆಯಲು ಹೋದ ವಾರಗಿತ್ತಿ ಆ ಪತ್ರಿಕೆಗಳನ್ನು ಓದುತ್ತಾ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಮೊದಲ ಪ್ರಶ್ನೆಯೇ ‘ಗ್ರಾಹಕರ ಹಕ್ಕುಗಳಾವುವು?’ ಕೆಟ್ಟ ಫ್ರಿಜ್ಜಿನ ಹೊಟ್ಟೆಯೊಳಗೆ ಆ ಪ್ರಶ್ನೆಗೆ ನಲವತ್ತು ಮಕ್ಕಳ ಸರಿಯುತ್ತರ!

ಅವಳು ನಗಲಿಲ್ಲ. “ಬಿಲ್ಲು ಅದ್ಯಾ ಅಕ್ಕೋರೇ?” ಎಂದಳು ಅಷ್ಟೆ.

ನನ್ನನ್ನು ದರದರ ಎಳೆದುಕೊಂಡೇ ಅಂಗಡಿಗೆ ಹೋದಳು. ಅಂಗಡಿಯವರು ಹಳೇ ಮಾತನ್ನೇ ಹೇಳಿದರು. ನಾನು ಅಭ್ಯಾಸಬಲದಿಂದ ತಲೆಯಾಡಿಸಿದೆ.

“ಬಾಗ್ಲು ತೆಗ್ದ್ರೆ ಒಳ್ಗೆ ದೀಪ ಹತ್ತುತ್ತು” ಎಂದಳು ಇವಳು. “ಕರೆಂಟಿಗೆ ದೀಪದ ಮೇಲೆ ಪ್ರೀತಿ, ತಂಪಿನ ಮೇಲೆ ಸಿಟ್ಟಾ?”

“ಅದೆಲ್ಲ ಮಿಷಿನ್ ವಿಷ್ಯ ತಂಗಿ, ನಿಂಗೆ ತಿಳಿಯುದಿಲ್ಲ.”

“ಆತು. ಈಗ ಹೇಳ್ದ್ರಲ್ಲ, ಅಷ್ಟನ್ನೇ ಒಂದು ಕಾಗ್ದದಲ್ಲಿ ಬರ್ದು ಸಹಿ ಹಾಕ್ಕೊಡಿ. ಕಾರವಾರದ ಗ್ರಾಹಕರ ವೇದಿಕೆಗೆ ಅರ್ಜಿ ಬರ್ದಾಗಿದೆ. ಅದ್ರ ಜೊತಿಗೆ ಲಗತ್ತು ಮಾಡುಕೆ ಬೇಕು.”

ಅಂಗಡಿಯವರು ಮೊದಲು ನಕ್ಕರು, ಆಮೇಲೆ ಅವಳ ಚೀಲದಿಂದ ಹೊರಬಂದ ಅರ್ಜಿ ನೋಡಿದರು, ಆಮೇಲೆ ನಮಗೆ ಕುರ್ಚಿ ಹಾಕಿಸಿದರು. ಎಂಟು ದಿನದೊಳಗೆ ಹೊಸ ಫ್ರಿಜ್ಜು ಬಂತು. ಅತ್ತೆ ಮೊದಲ ಐಸಿನ ತುಂಡನ್ನು ಬಾಯಿಗೆ ಹಾಕಿ, ಹಲ್ಲು ಜುಮ್ಮೆಂದರೂ ಬಿಡದೆ, “ನಮ್ಮ ಸಣ್ಣ ಸೊಸೆ ಅಂದ್ರೆ ಸಣ್ಣವ್ಳಲ್ಲ!” ಎಂದರು. ಫ್ರಿಜ್ಜು ನನ್ನದು, ಕಂತು ನನ್ನದು, ಬಿಲ್ಲು ನನ್ನದು. ಹೊಗಳಿಕೆ ಮಾತ್ರ ಅವಳದು! ಇದಕ್ಕೆ ಯಾವ ವೇದಿಕೆಯಲ್ಲಿ ದೂರು ಕೊಡೋಣ?

ಸುದ್ದಿ ಹರಡಿತು. ತೂಕ ಕಮ್ಮಿಯಾದ ಸಿಲಿಂಡರಿನವರು, ಅವಧಿ ಮುಗಿದ ಟಾನಿಕ್ಕಿನವರು, ಒಂದೇ ತೊಳೆತಕ್ಕೆ ಬಣ್ಣ ಬಿಟ್ಟ ಸೀರೆಯವರು ಎಲ್ಲರೂ ನಮ್ಮ ಜಗಲಿಗೇ ಬಂದರು. “ಅಕ್ಕೋರೇ, ನೀವು ಇದ್ರಿ ಅಂತ ಬಂದದ್ದಲ್ಲ, ಅವ್ಳು ಇದ್ಲಾ?” ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಬಾಗಿಲು ತೆಗೆಯುವ ಜವಾನಳಾದೆ.

ಆಗಲೇ ಭಟ್ಕಳದ ಹತ್ತಿರ ಹೆಬಳೆಯ ಮಹಿಳಾ ಸಂಘದಿಂದ ನನ್ನ ಶಾಲೆಗೆ, ನನ್ನ ಹೆಸರಿಗೇ ಒಂದು ಪತ್ರ ಬಂತು. ‘ಗ್ರಾಹಕರ ಹಕ್ಕು ಮತ್ತು ಅಭಿವೃದ್ಧಿಯ ಕುರಿತು ಭಾಷಣ ಏರ್ಪಡಿಸಿದ್ದೇವೆ. ತಾವು ದಯವಿಟ್ಟು’ ಎಂಬಲ್ಲಿಗೆ ಪುಟ ಮುಗಿದಿತ್ತು. ಅಷ್ಟನ್ನೇ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ, ಅಭಿನಂದನೆಗಳನ್ನೆಲ್ಲ ಸ್ವೀಕರಿಸಿ, ಆಮೇಲೆ ಪುಟ ತಿರುಗಿಸಿದೆ. ‘ತಮ್ಮ ವಾರಗಿತ್ತಿಯವರನ್ನು ಕರೆತರಬೇಕಾಗಿ ವಿನಂತಿ’ ಎಂದಿತ್ತು!

ಹೋದೆ. ಯಾಕೆ ಹೋದೆ ಎನ್ನುತ್ತೀರಿ? ಮೈಕಿನ ಮುಂದೆ ಅವಳು ತಡವರಿಸುವುದನ್ನು ಕಣ್ಣಾರೆ ನೋಡಬೇಕೆಂದು. ನನ್ನ ಆಸೆ ದೇವರಿಗೆ ಕೇಳಿಸಿತು. ಶಾಲೆಯ ಹಾಲಿನಲ್ಲಿ ನೂರು ಹೆಂಗಸರು. ಇವಳು ಎದ್ದು ನಿಂತಳು, ಮೈಕು ಕುಂಯ್ ಎಂದಿತು, ಇವಳ ಬಾಯಿ ಕಟ್ಟಿಹೋಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ನಾನು ಮೊದಲ ಸಾಲಿನಲ್ಲಿ ಕೂತು, ಮುಖದಲ್ಲಿ ಮರುಕವನ್ನೂ ಮನಸ್ಸಿನಲ್ಲಿ ಲಡ್ಡುವನ್ನೂ ಇಟ್ಟುಕೊಂಡು ಕಾದೆ. ಅವಳ ಕಣ್ಣು ತಿರುಗಿ ತಿರುಗಿ ನನ್ನ ಮೇಲೆ ಬಂದು ನಿಂತಿತು.

“ನಂಗೆ ಮಾತಾಡುಕೆ ಬರುದಿಲ್ಲ” ಎಂದಳು. “ನಂಗೆ ಪುಸ್ತಕ ಕೊಟ್ಟ ಅಕ್ಕೋರು ಅಲ್ಲಿ ಕೂತಿದ್ರು. ‘ಅದು ಓದುಕಲ್ಲ’ ಅಂತ ನಂಗೆ ತಮಾಷಿ ಮಾಡಿದ್ರು, ಆದ್ರೆ ನಾ ಓದ್ದ ಪುಸ್ತಕ ಎಲ್ಲ ಅವ್ರು ಎಷ್ಟೋ ವರ್ಷದ ಹಿಂದೇ ಓದ್ದೋರು. ಅವ್ರ ಹಂಗೆ ಆಗ್ಬೇಕು ಅಂತ್ಲೇ ನಾ ಓದುಕೆ ಕೂತದ್ದು.”

ನೂರು ತಲೆಗಳು ನನ್ನತ್ತ ತಿರುಗಿದವು. ಚಪ್ಪಾಳೆ ಬಿತ್ತು. ಕೂತ ಕುರ್ಚಿ ಬಾಯ್ತೆರೆದು ನನ್ನನ್ನು ನುಂಗಬಾರದೇ ಎನ್ನಿಸಿತು.

ಆ ಚಪ್ಪಾಳೆಯಿಂದ ಅವಳಿಗೆ ಧೈರ್ಯ ಬಂತು. ಕನ್ನಡಕ್ಕೆ ಕೊಂಕಣಿ ಬೆರೆಸಿ ಅರ್ಧ ಗಂಟೆ ಮಾತಾಡಿದಳು. “ನಮ್ಮ ಕಡಿಗೆ ರೈಲು ಬಂತು. ಅಭಿವೃದ್ಧಿ ಹೌದು, ಸುಳ್ಳಲ್ಲ. ಆದ್ರೆ ನಾ ಸಣ್ಣವ್ಳಿದ್ದಾಗ ಅವ್ವ ಬುಟ್ಟಿ ಹೊತ್ಲು, ನಾ ಶಾಲೆ ಬಿಟ್ಟು ತಮ್ಮನ್ನ ಎತ್ಕಂಡೆ. ಹೆಂಗ್ಸಿಗೆ ದಿನಕ್ಕೆ ಒಂದು ಗಂಟೆ ಬಿಡುವು ಸಿಕ್ತಾ ಇಲ್ವಾ, ಅದೂ ಅಭಿವೃದ್ಧಿ ಲೆಕ್ಕಕ್ಕೆ ಬರ್ಬೇಕು” ಎಂದಳು. ಎದುರಿಗೆ ಕೂತಿದ್ದ ವಯಸ್ಸಾದ ನವಾಯತ ಮುಸ್ಲಿಂ ಹೆಂಗಸೊಬ್ಬರು ಎದ್ದು ಬಂದು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಸಂಜೆಯ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಮಂಕಿ ಎಂಬ ಊರು ದಾಟಿದ ಮೇಲೆ ಅವಳು ಕೇಳಿದಳು. “ಅಕ್ಕೋರೇ, ಆ ಐದ್ನೇ ಪುಸ್ತಕ ನಂಗೆ ಸಿಕ್ಕಲೇ ಇಲ್ಲ. ಅದ್ರಲ್ಲಿ ಎಂತ ಅದೆ? ನೀವೇ ಹೇಳ್ಬಿಡಿ.”

ಏನಾದರೂ ಕಟ್ಟಿ ಹೇಳಬಹುದಿತ್ತು. ಹದಿನಾಲ್ಕು ವರ್ಷದ ಅನುಭವ ನನಗೆ. ಆದರೆ ಬಾಯಿಯಿಂದ ಬೇರೆಯೇ ಬಂತು.

“ನಾ ಓದಲಿಲ್ಲ. ಐದ್ನೇದೂ ಇಲ್ಲ, ಒಂದ್ನೇದೂ ಇಲ್ಲ. ಒಂದೂ ಓದಲಿಲ್ಲ.”

ಅವಳು ನನ್ನ ಮುಖ ನೋಡಿ, ಕಿಟಕಿಯ ಕಡೆ ತಿರುಗಿದಳು. ಬಸ್ಸು ಶರಾವತಿಯ ಸೇತುವೆ ದಾಟಿತು, ಹೊನ್ನಾವರದಲ್ಲಿ ನಿಂತಿತು, ಹೊರಟಿತು. ಬೈದಿದ್ದರೆ ಚೆನ್ನಾಗಿತ್ತು. ನಕ್ಕಿದ್ದರೆ ಇನ್ನೂ ಚೆನ್ನಾಗಿತ್ತು. ಜಗಳಕ್ಕಾದರೂ ಒಂದು ದಾರಿಯಾಗುತ್ತಿತ್ತು.

ಕೊನೆಗೆ ಮೆಲ್ಲಗೆ ಹೇಳಿದಳು. “ನಿಮ್ಗೆ ಓದುಕೆ ಯಾರು ಬಿಟ್ರು ಹೇಳಿ? ಬೆಳ್ಗಾದ್ರೆ ತಿಂಡಿ, ಬಸ್ಸು, ಶಾಲೆ. ಬಂದ್ರೆ ಪಾತ್ರೆ, ಮಕ್ಳ ಪೇಪರು. ನಾನಾರೂ ಮಧ್ಯಾಹ್ನ ಒಂದು ತಾಸು ಕೂರ್ತಿದ್ದೆ. ನೀವು ಕೂತದ್ದೇ ನಾ ನೋಡ್ಲಿಲ್ಲ.”

ಮದುವೆಯಾಗಿ ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ನಾನೇ ನನಗೆ ಹೇಳಿಕೊಂಡಿರಲಿಲ್ಲ.

ಮರುದಿನ ಸಂಜೆ ಶಾಲೆಯಿಂದ ಬಂದು, ಸೀರೆ ಎತ್ತಿ ಕಟ್ಟಿ ಬಾವಿಕಟ್ಟೆಗೆ ಹೋದರೆ ಪಾತ್ರೆಯ ಮುಂದೆ ಅವಳು ಕೂತಿದ್ದಳು. ಒದ್ದೆ ಕೈಯಿಂದಲೇ ಜಗಲಿ ತೋರಿಸಿದಳು. ಅಲ್ಲಿ ಪಟ್ಟಿಯ ಮೊದಲ ಪುಸ್ತಕವಿತ್ತು. ಅದಕ್ಕೆಂದೇ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಬಂದಿದ್ದಳಂತೆ. ಕೂತೆ. ಮೊದಲ ಪುಟ ತೆರೆದೆ. ಅಕ್ಷರಗಳೆಲ್ಲ ಯಾಕೋ ಮಸುಕಾಗಿ ಕಾಣುತ್ತಿದ್ದವು. ಒರೆಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದೆ.

ಸ್ವಲ್ಪ ಹೊತ್ತಿಗೆ ಬಾವಿಕಟ್ಟೆಯಿಂದ ದನಿ ಬಂತು. “ಎಷ್ಟನೇ ಪುಟ, ಅಕ್ಕೋರೇ?”

“ಇನ್ನೂ ಒಂದೇ” ಎಂದೆ.

“ಅಡ್ಡಿಲ್ಲ, ಓದಿ” ಎಂದಳು. “ಪಾತ್ರೆ ಇನ್ನೂ ರಾಶಿ ಅವೆ.”