ಮೃದಂಗಕ್ಕೆ ಕೂದಲು ಬಂದದ್ದು

ಪಕ್ಕದ ಮನೆಯ ಪಟ್ಟಾಭಿ ಹೊಸ ಯಂತ್ರ ತೋರಿಸಲು ಕರೆದಾಗಲೆಲ್ಲ ನನಗೊಂದು ಕುರ್ಚಿಯನ್ನು ಬಾಗಿಲ ಹತ್ತಿರವೇ ಹಾಕಿರುತ್ತಾನೆ. ನನ್ನ ಮಂಡಿನೋವು ನೆನೆದು ಹಾಗೆ ಮಾಡುತ್ತೇನೆ ಎನ್ನುತ್ತಾನೆ. ಏನಾದರೂ ಹೊತ್ತಿಕೊಂಡರೆ ಅಂಬುಜಕ್ಕ ಮೊದಲು ಆಚೆ ಹೋಗಲಿ ಎಂದು ಹಾಕಿಸಿದ್ದು ತಾನು ಎಂದು ಅವನ ಹೆಂಡತಿ ವಿಶಾಲು ಹೇಳುತ್ತಾಳೆ. ಎರಡೂ ಪ್ರೀತಿಯೇ ಆದ್ದರಿಂದ ನಾನು ಹೋಗಿ ಕೂರುತ್ತೇನೆ.

ಆ ಸಲ ನಡುಮನೆಯಲ್ಲಿ ಒಂದು ತಾಮ್ರದ ಹಂಡೆ ನಿಂತಿತ್ತು. ವಿಶಾಲು ತವರಿನಿಂದ ತಂದದ್ದು. ಕಂಠದ ಮೇಲೆ ಅವಳ ತಾಯಿಯ ಹೆಸರು ಕೆತ್ತಿದೆ. ಆ ಹೆಸರಿನ ನಟ್ಟನಡುವೆ ಪಟ್ಟಾಭಿ ತೂತು ಕೊರೆದು ಕೊಳವೆ ಸಿಕ್ಕಿಸಿದ್ದ. ಕೊಳವೆಯ ತುದಿಯಲ್ಲಿ ಶವರಿನ ತಲೆ, ಹಂಡೆಯ ಹೊಟ್ಟೆಗೆ ಹಳೆಯ ಫ್ಯಾನಿನ ರೆಗ್ಯುಲೇಟರು. ಮೇಲೆ ಕೆಂಪು ಬಣ್ಣದಲ್ಲಿ ‘ಚರ್ಮಸಂಜೀವಿನಿ’ ಎಂದು ಬರೆದಿತ್ತು.

"ನಮ್ಮಮ್ಮನ ಹೆಸರಲ್ಲಿ ಲಲಿತಮ್ಮ ಹೋಗಿ ಲಮ್ಮ ಉಳಿದಿದೆ, ನೋಡಿ ಅಂಬುಜಕ್ಕ," ಎಂದಳು ವಿಶಾಲು.

ಪಟ್ಟಾಭಿಗೆ ಅದು ಕೇಳಿಸಲಿಲ್ಲ. ಅವನು ನೀಲಿ ಪುಡಿಯ ಡಬ್ಬಿಯನ್ನು ಎತ್ತಿ ಹಿಡಿದಿದ್ದ. ತಾಮ್ರದ ಪೆಪ್ಟೈಡು ಎಂದು ಅದರ ಹೆಸರಂತೆ. ಮೂರು ಅಮೈನೋ ಆಮ್ಲಗಳು ಸೇರಿ ತಾಮ್ರದ ಒಂದು ಕಣವನ್ನು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡ ಹಾಗೆ ಹೊತ್ತು ತಿರುಗುತ್ತವೆ. ಅವು ನಮ್ಮ ರಕ್ತದಲ್ಲೇ ಇರುತ್ತವೆ, ವಯಸ್ಸಾದಂತೆ ಕಡಿಮೆಯಾಗುತ್ತವೆ. ನಾನೂ ಒಂದು ಕಾಲದಲ್ಲಿ ಬಿ.ಎಸ್ಸಿ. ಓದಿದವಳಾದ್ದರಿಂದ ಅಷ್ಟರ ತನಕ ತಲೆದೂಗಿದೆ. ಆಮೇಲಿನದು ಮಾತ್ರ ಪಟ್ಟಾಭಿಯದೇ ವಿಜ್ಞಾನ.

"ಚರ್ಮಕ್ಕೆ ತಾನು ಮೊದಲು ಹೆಂಗಿದ್ದೆ ಅನ್ನೋದು ಮರೆತುಹೋಗಿರುತ್ತೆ ಅಕ್ಕ. ನನ್ನ ಯಂತ್ರ ಅದನ್ನ ಜ್ಞಾಪಿಸುತ್ತೆ, ಅಷ್ಟೇ. ಒಂದರಲ್ಲಿ ಇಟ್ರೆ ಗೀರು ಹೋಗುತ್ತೆ, ಮೂರರಲ್ಲಿ ಗಾಯ ಮಾಯುತ್ತೆ, ಐದರಲ್ಲಿ ಬೋಳುತಲೆಗೆ ಕೂದಲು."

ಅವನ ತಲೆಯ ಸುತ್ತ ಕೂದಲಿದೆ, ನೆತ್ತಿ ಮಾತ್ರ ತೊಳೆದಿಟ್ಟ ತಟ್ಟೆ. ಆದರೂ ಈ ಸಲದ ಯಂತ್ರ ತನಗಾಗಿ ಮಾಡಿದ್ದಲ್ಲ ಎಂದು ಅವನು ಒತ್ತಿ ಹೇಳಿದ. ಅದು ನಿಜವೂ ಆಗಿತ್ತು. ಯಂತ್ರ ಮಾಡಿದ್ದು ಭಾಮೈದ ಶೇಷುವಿಗಾಗಿ.

ಶೇಷು ಮೃದಂಗ ಬಾರಿಸುತ್ತಾನೆ. ಬಾರಿಸುತ್ತಾನೆ ಎಂದರೆ ಸಾಲದು. ನಮ್ಮ ಬೀದಿಯಲ್ಲಿ ಅವನು ಹರಿಕತೆಗೆ ಕೂತರೆ ಪಕ್ಕದ ಬೀದಿಯ ಷೆಲ್ಫಿನಲ್ಲಿ ಲೋಟಗಳು ಅಲುಗುತ್ತವೆ. ಒಳ್ಳೆಯ ಲಯಗಾರ, ತುಂಬ ಒಳ್ಳೆಯ ಹುಡುಗ. ಹುಡುಗ ಎಂದರೂ ಕಿವಿಯ ಹತ್ತಿರ ನರೆತಿದೆ. ಇಷ್ಟು ವರ್ಷ ಭಜನೆ, ಹರಿಕತೆಗಳಲ್ಲೇ ಕಳೆದವನಿಗೆ ಆ ವರ್ಷ ಕೊನೆಗೂ ರಾಮೋತ್ಸವದ ಸಮಿತಿಯವರು ದೊಡ್ಡ ಕಛೇರಿ ಕೊಟ್ಟಿದ್ದರು. ಹಾಡುವವರು ವಿದ್ವಾನ್ ತಿರುನಾರಾಯಣನವರು. ವಯಸ್ಸಾಗಿ ಅವರ ಕಂಠ ಸಣ್ಣದಾಗಿತ್ತು. ಅಬ್ಬರದ ಪಕ್ಕವಾದ್ಯ ಬೇಡ, ಹಾಗಾದರೆ ನಡುವೆಯೇ ಎದ್ದು ಹೋಗುತ್ತೇನೆ ಎಂದು ಮೊದಲೇ ಹೇಳಿಕಳಿಸಿದ್ದರು. ಈ ಕಛೇರಿ ಕೆಟ್ಟರೆ ಸಮಿತಿ ಮತ್ತೆ ಕರೆಯುವುದಿಲ್ಲ ಎಂಬುದು ಶೇಷುವಿಗೂ ಗೊತ್ತು, ನಮಗೂ ಗೊತ್ತು. ಆ ಗಾಬರಿಯಲ್ಲಿ ಅವನು ಹಗಲಿಡೀ ಸಾಧನೆ ಮಾಡಿ ಬಲಗೈಯ ಬೆರಳ ತುದಿಗಳನ್ನು ಬಿರಿಸಿಕೊಂಡಿದ್ದ. ಮುಟ್ಟಿದರೆ ರಕ್ತ. ಕಛೇರಿ ಮಾರನೆಯ ದಿನವೇ.

ಮೊದಲು ಪಟ್ಟಾಭಿ, ಹಂಡೆ ಕೊರೆಯುವಾಗ ಕುಯ್ದುಕೊಂಡ ತನ್ನ ಹೆಬ್ಬೆರಳನ್ನೇ ಶವರಿನ ಕೆಳಗೆ ಹಿಡಿದ. ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದ. ತಿಳಿನೀಲಿ ಮಂಜು ಬಂತು. ನಮ್ಮ ಕಣ್ಣೆದುರಿಗೇ ಗಾಯ ಕೂಡಿಕೊಂಡಿತು. ಅಲ್ಲೇ ಚಾಪೆಯ ಮೇಲೆ ಕೂತಿದ್ದ ಶೇಷು ತೊಡೆಯ ಮೇಲಿದ್ದ ಮೃದಂಗವನ್ನು ಹಂಡೆಯ ಪಕ್ಕದಲ್ಲಿ ಮಲಗಿಸಿ ಎರಡೂ ಕೈ ಚಾಚಿದ.

"ಮೂರಕ್ಕೆ ಇಡ್ತೀನಿ," ಎಂದ ಪಟ್ಟಾಭಿ.

"ರೀ, ಅದು ನಮ್ಮ ಹಜಾರದ ಫ್ಯಾನಿಂದಲ್ವಾ?" ಎಂದಳು ವಿಶಾಲು. "ಅದನ್ನ ಒಂದು ದಾಟಿಸಿದ್ರೆ ಸಾಕು, ಐದರಲ್ಲೇ ತಿರುಗ್ತಿತ್ತು. ಅದಕ್ಕೇ ತಾನೆ ತೆಗೆಸಿದ್ದು?"

ಅಷ್ಟರಲ್ಲಿ ಮಂಜು ನಡುಮನೆಯನ್ನೆಲ್ಲ ತುಂಬಿತ್ತು. ಕ್ಯಾಲೆಂಡರು ಕಾಣಿಸಲಿಲ್ಲ, ಪಟ್ಟಾಭಿ ಕಾಣಿಸಲಿಲ್ಲ. ವಿಶಾಲು ತಡಕಾಡುತ್ತ ಬಂದು ನನ್ನ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋದಳು. ಮಂಜು ಕರಗಿದಾಗ ಶೇಷು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಒಂದು ಬಿರುಕೂ ಇರಲಿಲ್ಲ. ಅವನು ಭಾವನ ಕಾಲಿಗೆ ಬೀಳಲು ಹೋದ. ಪಟ್ಟಾಭಿ ಅವನನ್ನು ಎತ್ತಿ ತಬ್ಬಿಕೊಂಡು, ಇದಕ್ಕೆಲ್ಲ ಕಾಲಿಗೆ ಬೀಳಬಾರದು, ಪೇಪರಿನವರು ಬಂದಾಗ ಎರಡು ಮಾತು ಹೇಳಿದರೆ ಸಾಕು ಎಂದ. ವಿಶಾಲು ಎಲ್ಲರಿಗೂ ಕಾಫಿ ಕೊಟ್ಟಳು. ಅಷ್ಟೊಂದು ಗದ್ದಲದಲ್ಲೂ ನನ್ನ ಸಕ್ಕರೆ ಕಾಯಿಲೆ ಮರೆಯದೆ, ನನ್ನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಮೊದಲು ಬಂದವನು ಪಟ್ಟಾಭಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು. ಬೆಲ್ಟಿನ ತೂತುಗಳೆಲ್ಲ ಮಾಯ್ದು ಮುಚ್ಚಿಹೋಗಿದ್ದವು. ನಾನು ಸೆಣಬಿನ ಹುರಿ ಹುಡುಕಿ ಕೊಟ್ಟೆ. ಅವರ ನಡುಮನೆಯ ಮೂಲೆಯಲ್ಲಿದ್ದ ಅವನ ಚಪ್ಪಲಿಗಳ ಪಟ್ಟಿ ಅಟ್ಟೆಗೆ ಕೂಡಿಕೊಂಡು, ಕಾಲು ತೂರಿಸಲು ಜಾಗವೇ ಇರಲಿಲ್ಲವಂತೆ. ನಾನು ಅಲ್ಲೇ ಮರೆತು ಬಂದಿದ್ದ ಚರ್ಮದ ಪರ್ಸು ಬಾಯಿ ಮುಚ್ಚಿ, ಮೈಮೇಲೆ ಕಂದು ಬಿಳಿ ರೋಮ ಬಿಟ್ಟು, ಮುದುರಿ ಮಲಗಿದ ಬೆಕ್ಕಿನಂತಿತ್ತು. ವಿಶಾಲು ಅದನ್ನು ಕೈಯಲ್ಲಿ ಹಿಡಿದು ತಂದಳು. ಅವಳ ಕಿವಿಯಲ್ಲಿ ಓಲೆ ಇರಲಿಲ್ಲ. ತಿಂಡಿ ತಿನ್ನುವಾಗ ಎರಡೂ ಉಪ್ಪಿಟ್ಟಿನೊಳಗೆ ಉದುರಿದ್ದವು. ತೂತು ಇದ್ದ ಕಡೆ ಮೊನ್ನೆ ಹುಟ್ಟಿದ ಮಗುವಿನ ಕಿವಿಯ ನುಣುಪು.

"ಎಲ್ಲಾ ಜ್ಞಾಪಿಸಿಬಿಟ್ಟಿದೆ ಅಕ್ಕ, ಎಲ್ಲಾ," ಎಂದ ಪಟ್ಟಾಭಿ. ಅವನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಹೆಮ್ಮೆ ಜಾಸ್ತಿ ಇತ್ತು.

"ನಿಮ್ಮ ನೆತ್ತಿ ಒಂದನ್ನ ಬಿಟ್ಟು," ಎಂದಳು ವಿಶಾಲು.

ಅದು ಯಾಕೆ ಹಾಗೆ ಎಂದು ಅವನೂ ಯೋಚಿಸುತ್ತಿದ್ದನಂತೆ. ಸತ್ತ ಚರ್ಮ ಹೇಳಿದ ಹಾಗೆ ಕೇಳುತ್ತದೆ, ಬದುಕಿರುವ ನೆತ್ತಿ ವಾದ ಮಾಡುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದ. ಆ ತಲೆ ಯಾರ ಮಾತನ್ನೂ ಕೇಳಿದ್ದಿಲ್ಲ, ಹಂಡೆಯ ಮಾತು ಕೇಳುತ್ತದೆಯೇ ಎಂದು ವಿಶಾಲು ಕೇಳುತ್ತಿದ್ದ ಹಾಗೆ ಶೇಷು ಓಡಿಬಂದ. ಕಂಕುಳಲ್ಲಿ ಮೃದಂಗ, ಕಣ್ಣಲ್ಲಿ ನೀರು.

ಅವನು ಮೊದಲು ಕೈ ತೋರಿಸಿದ. ಇಪ್ಪತ್ತು ವರ್ಷ ಸಾಧನೆ ಮಾಡಿ ಬೆರಳ ತುದಿಗಳಲ್ಲಿ ಗಟ್ಟಿಕಟ್ಟಿದ್ದ ದಡ್ಡು ಪೂರ್ತಿ ಹೋಗಿತ್ತು. ಯಂತ್ರಕ್ಕೆ ಅದೂ ಒಂದು ಗಾಯವೇ. ನಾನು ಮುಟ್ಟಿ ನೋಡಿದೆ, ಬೆಣ್ಣೆ. ಸಾಧನೆಗೆಂದು ಇಟ್ಟುಕೊಂಡಿದ್ದ ಇನ್ನೊಂದು ಮೃದಂಗದ ಮೇಲೆ ಒಂದೇ ಒಂದು ಪೆಟ್ಟು ಹಾಕಿ ಕಿರುಚಿಕೊಂಡನಂತೆ.

ಆಮೇಲೆ ಅವನು ತನ್ನ ಮೃದಂಗದ ಗವಸು ತೆಗೆದ. ಎರಡೂ ಮುಖದ ಮೇಲೆ ಒತ್ತಾಗಿ ಮೇಕೆಯ ಕೂದಲು ಬಂದಿತ್ತು. ಬಲಮುಖದಲ್ಲಿ ಕರಣೆ ಎನ್ನುವ ಕಪ್ಪು ಬೊಟ್ಟಿರುತ್ತದಲ್ಲ, ಅದು ಚರ್ಮವಲ್ಲವಾದ್ದರಿಂದ ಅಲ್ಲಿ ಮಾತ್ರ ಇಲ್ಲ. ಸುತ್ತ ಕೂದಲು, ನಡುವೆ ಹೊಳೆಯುವ ದುಂಡನೆಯ ಬೋಳು. ನಾವೆಲ್ಲ ಮೃದಂಗ ನೋಡಿದೆವು, ಪಟ್ಟಾಭಿಯ ತಲೆ ನೋಡಿದೆವು. ಅಂಥ ಹೊತ್ತಿನಲ್ಲಿ ಸುಮ್ಮನಿರುವುದೂ ಒಂದು ಉಪಕಾರ.

ಪಟ್ಟಾಭಿ ಕ್ಷೌರದ ಬ್ಲೇಡು ತಂದ. ಅದೊಂದನ್ನು ಮಾತ್ರ ಶೇಷು ಒಪ್ಪಲಿಲ್ಲ. ಚರ್ಮಕ್ಕೆ ಗೀರು ಬಿದ್ದರೆ ಮುಗಿಯಿತು ಎಂದ. ವಿಶಾಲು ಕತ್ತರಿಯಿಂದ ಹುಷಾರಾಗಿ ಕತ್ತರಿಸಿದಳು. ಎಡಮುಖ ಮುಗಿಸುವಷ್ಟರಲ್ಲಿ ಬಲಮುಖ ಮತ್ತೆ ಬೆಳೆದಿತ್ತು. ಬೇರೆ ಮೃದಂಗ ತರೋಣವೆಂದರೆ ತಿರುನಾರಾಯಣನವರ ತಗ್ಗು ಶ್ರುತಿಗೆ ಕೂರುವಂಥದ್ದು ಇದೊಂದೇ. ರಾಮನವಮಿಯ ಕಾಲದಲ್ಲಿ ಊರಿನ ಉಳಿದ ಮೃದಂಗಗಳೆಲ್ಲ ಒಂದೊಂದು ಪೆಂಡಾಲಿನಲ್ಲಿ ಕೂತಿರುತ್ತವೆ.

"ಹೋಗಲಿ ಬಿಡು ಭಾವ," ಎಂದ ಶೇಷು. "ನೀನು ನನ್ನ ನೋವು ನೋಡಲಾರದೆ ಮಾಡಿದ್ದು. ಸಮಿತಿಯವರಿಗೆ ಫೋನ್ ಮಾಡಿ ಆಗಲ್ಲ ಅಂತೀನಿ."

ಪಟ್ಟಾಭಿಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವನು ಹುರಿ ಕಟ್ಟಿದ ಪ್ಯಾಂಟಿನಲ್ಲಿ ಜಗಲಿಯ ಮೇಲೆ ಕುಸಿದು ಕೂತ.

ನಾನು ಶೇಷುವಿನ ಬೆಣ್ಣೆಯಂಥ ಬೆರಳನ್ನು ಇನ್ನೂ ಹಿಡಿದಿದ್ದೆ. ಸುಮ್ಮನೆ ಅದನ್ನು ಮೃದಂಗದ ಕೂದಲ ಮೇಲೆ ಇಟ್ಟೆ. "ಇಲ್ಲಿ ನೋವಾಗುತ್ತೇನಪ್ಪಾ?"

ಅವನು ಯೋಚಿಸಿ, ಇಲ್ಲ, ಹಾಸಿಗೆಯ ಹಾಗಿದೆ ಎಂದ.

"ಹಾಗಾದ್ರೆ ಹೊಡೀಬೇಡ. ನಿಮ್ಮಕ್ಕನ ಮಗಳು ಕೂಸಾಗಿದ್ದಾಗ ತಟ್ಟಿ ಮಲಗಿಸ್ತಿದ್ಯಲ್ಲ, ಹಂಗೆ ತಟ್ಟು."

ತಟ್ಟಿದ. ಶ್ರುತಿ ನೆಟ್ಟಗಿತ್ತು. ಬೇಲಿಯಾಚೆಯಿಂದ ಯಾರೋ ಮೃದುವಾಗಿ ಕರೆದಂತೆ ಒಂದು ನಾದ ಬಂತು. ಶೇಷು ಮತ್ತೆ ತಟ್ಟಿದ. ಆ ದಿನ ಮಧ್ಯಾಹ್ನವಿಡೀ ಅವನು ನಮ್ಮ ಜಗಲಿಯಲ್ಲೇ ತಟ್ಟುತ್ತ ಕೂತ. ಷೆಲ್ಫಿನಲ್ಲಿ ಒಂದು ಲೋಟವೂ ಅಲುಗಲಿಲ್ಲ.

ಸಂಜೆ ಪೆಂಡಾಲು ತುಂಬಿತ್ತು. ತಿರುನಾರಾಯಣನವರು ಮೃದಂಗವನ್ನು ಒಮ್ಮೆ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ದೊಡ್ಡವರು, ಏನೂ ಕೇಳಲಿಲ್ಲ. ಹಾಡಲು ಶುರು ಮಾಡಿದರು. ಸಣ್ಣ ದನಿ, ಒಲೆಯ ಮೇಲೆ ಹಾಲು ಕಾಯುವ ಹಾಗೆ. ಅದರ ಕೆಳಗೆ ಶೇಷುವಿನ ಬೆರಳು ಎಲ್ಲೂ ಎಡವದೆ ನಡೆಯಿತು. ಹಿಂದಿನ ಸಾಲಿನವರೂ ಕೈಬೀಸಣಿಗೆ ನಿಲ್ಲಿಸಿ ಕೇಳಿದರು.

ಆದರೆ ದೀಪಗಳ ಶಾಖಕ್ಕೋ ಏನೋ, ಪ್ರತಿ ಕೀರ್ತನೆಗೂ ಕೂದಲು ಒಂದು ಗೇಣು ಬೆಳೆಯುತ್ತಿತ್ತು. ಮೃದಂಗ ಒಂದೇ ನುಡಿಯುವ ತನಿ ಆವರ್ತನದ ಹೊತ್ತಿಗೆ ಅದು ಶೇಷುವಿನ ಬೆರಳಿಗೆ ಸುತ್ತಿಕೊಳ್ಳತೊಡಗಿತು. ಅವನು ಕಂಗಾಲಾಗಿ ಅಕ್ಕನ ಕಡೆ ನೋಡಿದ. ಮುಂದಿನ ಸಾಲಿನಲ್ಲಿ ಬರಿಗಿವಿಯಲ್ಲಿ ಕೂತಿದ್ದ ವಿಶಾಲು ಸೆರಗು ಸಿಕ್ಕಿಸಿಕೊಂಡು ನೇರ ವೇದಿಕೆ ಹತ್ತಿದಳು. ಪಿಟೀಲಿನವರು ತಾವೇ ಒಂದು ಆಲಾಪನೆ ಶುರುಮಾಡಿ ಅವಳಿಗೆ ಸಮಯ ಮಾಡಿಕೊಟ್ಟರು. ಯಾರೂ ಕೇಳದೆ ಅವರು ಮಾಡಿದ ಆ ಸಹಾಯವನ್ನು ನಾನು ಮರೆತಿಲ್ಲ. ವಿಶಾಲು ಬಲಕ್ಕೊಂದು ಎಡಕ್ಕೊಂದು ಜಡೆ ಹೆಣೆದು, ತನ್ನ ತಲೆಯ ರಬ್ಬರ್ ಬ್ಯಾಂಡನ್ನೇ ಹರಿದು ಎರಡಕ್ಕೂ ಕಟ್ಟಿ ಇಳಿದು ಬಂದಳು. ಎರಡು ಜಡೆಯ ಮೃದಂಗ ತನಿ ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮಂಗಳವಾದ ಮೇಲೆ ತಿರುನಾರಾಯಣನವರು ಮೈಕಿನಲ್ಲೇ ಹೇಳಿದರು: "ಎಷ್ಟೋ ವರ್ಷದ ಮೇಲೆ ನನ್ನ ದನಿ ನನಗೇ ಕೇಳಿಸ್ತು. ಇನ್ನು ಮುಂದೆ ನಾನೆಲ್ಲಿ ಹಾಡಿದ್ರೂ ಶೇಷಾದ್ರಿಯವರೇ ಬರಲಿ. ಮೃದಂಗವೂ ಅದೇ ಇರಲಿ." ಆಮೇಲೆ ಸಮಿತಿಯವರು ತಮಗೆ ಹಾಕಿದ ಮಲ್ಲಿಗೆ ಹಾರದಿಂದ ಒಂದು ತುಂಡು ತೆಗೆದು ಬಲಗಡೆಯ ಜಡೆಗೆ ಮುಡಿಸಿದರು.

ವಿಶಾಲು ಈ ವಯಸ್ಸಿನಲ್ಲಿ ಎರಡನೆಯ ಸಲ ಕಿವಿ ಚುಚ್ಚಿಸಿಕೊಂಡಳು. ಪಟ್ಟಾಭಿ ಅವಳ ಕೈ ಹಿಡಿದು ಕೂತಿದ್ದ, ಕಿರುಚಿದ್ದು ಅವನೇ. ತೂತಾದ ಹಂಡೆಯಲ್ಲಿ ಈಗ ತುಳಸಿ ಬೆಳೆಯುತ್ತಿದೆ. ನನ್ನ ಪರ್ಸನ್ನು ಅವನು ತೂತು ಮಾಡಿ ಜಿಪ್ಪು ಹಾಕಿಸಿ ಕೊಟ್ಟಿದ್ದಾನೆ. ಚಳಿಗಾಲದಲ್ಲಿ ಕೈ ಬೆಚ್ಚಗಿರುತ್ತದೆ. ಶೇಷುವಿಗೆ ತಿಂಗಳು ತಿಂಗಳೂ ಕಛೇರಿಗಳಿವೆ, ಮೃದಂಗಕ್ಕೆ ಪ್ರತಿ ಸಲವೂ ಎಣ್ಣೆ ಹಚ್ಚಿ ತಲೆ ಬಾಚಬೇಕು. ಕೊಬ್ಬರಿ ಎಣ್ಣೆಗೆ ತುಂಬ ಖರ್ಚಾಗುತ್ತದೆಂದು ವಿಶಾಲು ಹೇಳುತ್ತಾಳೆ. ಪಟ್ಟಾಭಿಯ ನೆತ್ತಿಯಿಂದ ಮಾತ್ರ ಆ ಖರ್ಚು ಇಲ್ಲ.