ತೂಕ ಇಳಿಯಿತು, ಬಕೆಟ್ ಏಳಲಿಲ್ಲ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದ್ದರಿಂದ ಅಕ್ಕನ ಮದುವೆಗೆ ಎರಡು ತಿಂಗಳಿರುವಾಗ ಬಂದ ಜ್ವರ, ಹೋಗುವಾಗ ನನ್ನ ಹಸಿವನ್ನೂ ಕಟ್ಟಿಕೊಂಡು ಹೋದದ್ದನ್ನು ನಾನು ತೊಂದರೆ ಎಂದು ಒಪ್ಪಲೇ ಇಲ್ಲ. ಅವಕಾಶ ಎಂದೆ! ತೊಂಬತ್ತು ಕಿಲೋದವನಿಗೆ ಇನ್ನೇನು ಬೇಕು? ಮೂರು ಹೊತ್ತೂ ನಾಲ್ಕು ಚಮಚ ಗಂಜಿ, ಉಪ್ಪಿನಕಾಯಿ. ಉಳಿದ ಹೊತ್ತು ಮಂಚ.

"ಹಸಿವು ಕಮ್ಮಿಯಾದ್ರೆ ತಿನ್ನುವ ನಾಲ್ಕು ತುತ್ತಿನಲ್ಲೇ ಮೀನೋ ಮೊಟ್ಟೆಯೋ ಇರ್ಲಿ, ಇಲ್ಲದಿದ್ರೆ ಮಾಂಸಖಂಡ ಕರಗ್ತದೆ ಅಂತ ಡಾಕ್ಟ್ರು ಹೇಳಿದ್ದಲ್ವಾ?" ಎಂದರು ಅಮ್ಮ. "ಬಾವಿಯಿಂದ ನಾಲ್ಕು ಕೊಡಪಾನ ನೀರಾದ್ರೂ ಎಳಿ."

"ಇಳಿಸಬೇಕಾದ್ದು ತೂಕ. ಅದು ಇಳೀತಾ ಉಂಟು. ನಿಮ್ಮ ಆಕ್ಷೇಪ ಎಂತದ್ದು?"

"ಆಕ್ಷೇಪ ಅಲ್ಲ ಮಾರಾಯ, ಬಂಗುಡೆ. ತಣೀತಾ ಉಂಟು."

ತಟ್ಟೆಯಲ್ಲಿದ್ದ ಬಂಗುಡೆ ಮೀನನ್ನು ಬೆಕ್ಕಿಗೆ ವರ್ಗಾಯಿಸಿ, ಸಾಕ್ಷ್ಯ ಸಂಗ್ರಹಕ್ಕಾಗಿ ಬೋವಿಕಾನದ ಅಡಿಕೆ ವ್ಯಾಪಾರಿ ಹಮೀದಿಚ್ಚನ ತಕ್ಕಡಿ ಹತ್ತಿದೆ. ಎಪ್ಪತ್ತೆಂಟು!

ಹಮೀದಿಚ್ಚ ಒಂದು ಅಡಿಕೆಯನ್ನು ಹೋಳು ಮಾಡುತ್ತಾ ಹೇಳಿದರು: "ಅಡಿಕೆ ಹಗುರ ಆದ್ರೆ ನಾವು ಒಡೆದು ನೋಡ್ತೇವೆ, ಹೋದದ್ದು ನೀರಾ, ತಿರುಳಾ ಅಂತ. ನಿನ್ನನ್ನು ಹೇಗೆ ನೋಡುದು?"

"ಹೋಲಿಕೆ ಪುರಾವೆ ಅಲ್ಲ ಹಮೀದಿಚ್ಚ!" ಎಂದು ಗೆದ್ದು ಬಂದೆ.

ನಮ್ಮ ಮನೆಯ ಕ್ರಮದಲ್ಲಿ ವರನ ಪಂಕ್ತಿಗೆ ಮೊದಲ ಪಾಯಸ ಬಡಿಸಬೇಕಾದವನು ವಧುವಿನ ತಮ್ಮ. "ನನ್ನ ಮರ್ಯಾದೆ ನಿನ್ನ ಕೈಯಲ್ಲಿ ಉಂಟು" ಎಂದು ಅಕ್ಕ ಮೊದಲೇ ಎಚ್ಚರಿಸಿದ್ದಳು. ಮದುವೆಯ ದಿನ ಹೊಸ ಅಂಗಿ ಮೈಗೆ ಚೆಂದ ಕೂತಿತ್ತು. ವರ್ಕಾಡಿಯಿಂದ ಬಂದ ದಿಬ್ಬಣದವರೆಲ್ಲ ಎಲೆಯ ಮುಂದೆ ಕಾಯುತ್ತಿದ್ದರು. ನಾನು ಬಗ್ಗಿ ಪಾಯಸದ ಬಕೆಟ್ಟಿಗೆ ಕೈ ಹಾಕಿ ಎದ್ದೆ. ಬಕೆಟ್ ಏಳಲಿಲ್ಲ.

ಎರಡೂ ಕೈ ಹಾಕಿದೆ. ಎದ್ದಿತು. ಆದರೆ ಸೌಟಿಗೆ ಮೂರನೇ ಕೈ ಇರಲಿಲ್ಲ! ಹೇಗೋ ಮೊಣಕಾಲಿಗೆ ಆನಿಸಿಕೊಂಡು ಎರಡು ಎಲೆ ದಾಟಿದೆ. ಮೂರನೆಯದರಲ್ಲಿ ಮೊಣಕಾಲೂ ನಡುಗಿ, ಪಾಯಸ ಎಲೆ ಬಿಟ್ಟು ವರನ ಭಾವನ ಪಂಚೆ ಸೇರಿತು. ವರನ ಪಕ್ಕದಲ್ಲಿ ಅಕ್ಕ ತಲೆ ಎತ್ತಲಿಲ್ಲ.

ಅರುವತ್ತೈದರ ಸೋದರಮಾವ ಓಡಿಬಂದು ಬಕೆಟ್ಟನ್ನು ಒಂದೇ ಕೈಯಲ್ಲಿ ಎತ್ತಿಕೊಂಡರು. "ನೀನು ಉಪ್ಪು ಬೇಕಾ ಕೇಳಿಕೊಂಡು ಹೋಗು ಮಾರಾಯ."

ಉಪ್ಪಿನ ತಟ್ಟೆ ಹಿಡಿದು ನಡೆಯುವಾಗ ಯೋಚನೆ ಬಂತು. ತಕ್ಕಡಿಯ ಮುಳ್ಳು ಎಷ್ಟು ಹೋಯಿತೆಂದು ಹೇಳಿತ್ತೇ ಹೊರತು, ಏನು ಹೋಯಿತೆಂದು ಹೇಳಿರಲಿಲ್ಲ. ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಪ್ರಶ್ನೆ ಕೇಳುವುದರಲ್ಲೇ ಬಹುಮಾನ ಗೆದ್ದವನು ನಾನು!

ಪಕ್ಕದ ಪಂಕ್ತಿಯಲ್ಲಿ ಹಮೀದಿಚ್ಚ ಕುಳಿತಿದ್ದರು. ನನ್ನನ್ನು ಅಡಿಕೆ ನೋಡುವ ಹಾಗೆ ನೋಡಿ, ಮೆಲ್ಲಗೆ ತೀರ್ಪು ಕೊಟ್ಟರು.

"ತಿರುಳೇ."

ನಾನು ಅವರ ಎಲೆಯ ತುದಿಗೆ ಉಪ್ಪು ಬಡಿಸಿದೆ. ಉಪ್ಪಿನ ತಟ್ಟೆಯೂ ಸ್ವಲ್ಪ ಭಾರ ಎನಿಸತೊಡಗಿತ್ತು.