ತಂತಿ ಇನ್ನೂ ಸ್ವಲ್ಪ ಇಳಿಸಿ

ಕುವೆಂಪುನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಅವರವರ ಕೈಗೆ ಹೊಂದುವ ಹಾಗೆ ಸರಿಮಾಡಿಕೊಡುತ್ತೇನೆ. ನನ್ನದು ಮಾತು ಕಡಿಮೆ. ಬರುವವರು ಆ ಕೊರತೆ ತುಂಬಿಕೊಡುತ್ತಾರೆ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಕ್ಲಚ್ಚಿನ ಹಾಗೆ

ಹಿನಕಲ್ಲಿನ ಸ್ಕೂಟರ್ ಮೆಕ್ಯಾನಿಕ್ ಒಬ್ಬರು ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ನಿಂತು ನುಡಿಸಿದವರು. ಈ ಸಲ ಬಡಾವಣೆಯ ದಸರಾ ವೇದಿಕೆಯಲ್ಲಿ ಮೊದಲ ಬಾರಿಗೆ ಮುಂದೆ ನಿಂತು ಒಬ್ಬರೇ ನುಡಿಸಬೇಕಿತ್ತು.

"ನಮ್ಮಾವ ಬರ್ತಾರೆ ಸಾರ್. ಗ್ರೀಸ್ ಕೈಗೆ ಗಿಟಾರ್ ಯಾಕೆ ಅಂತ ಮದುವೆ ಆದಾಗಿಂದ ಕೇಳ್ತಾನೇ ಅವ್ರೆ. ತಂತಿ ಇನ್ನೂ ಸ್ವಲ್ಪ ಇಳಿಸಿ, ಕ್ಲಚ್ ತರ ಮೆತ್ತಗಿರಬೇಕು."

"ಇನ್ನೂ ಇಳಿಸಿದರೆ ತಂತಿ ಲೋಹದ ಪಟ್ಟಿಗೆ ತಗುಲಿ ಜೊರ್ ಅನ್ನುತ್ತೆ."

"ಅನ್ಲಿ ಬುಡಿ."

ಇಳಿಸಿದೆ. ಮಾರನೇ ದಿನವೇ ಬಂದರು. "ಜೊರ್ ಅಂತದೆ ಸಾರ್."

"ಸ್ಕೂಟರ್ ಸದ್ದು ಮಾಡುತ್ತೆ ಅಂತ ಬಂದವರಿಗೆ ನೀವೇನು ಹೇಳ್ತೀರಿ?"

"ಓಡಿಸ್ತಾ ಓಡಿಸ್ತಾ ಸರಿಹೋಯ್ತದೆ ಅಂತೀನಿ." ತಕ್ಷಣ ಸೇರಿಸಿದರು: "ನೀವು ಹಂಗನ್ಬೇಡಿ."

ಮತ್ತೆ ಏರಿಸಿ ಕಳಿಸಿದೆ.

ಮೆಲ್ಲಗೆ

ಚರ್ಚಿನಲ್ಲಿ ನುಡಿಸುವ ಹಿರಿಯರೊಬ್ಬರು ಬಂದರು. "ಗಿಟಾರ್ ಜೋರಾಯ್ತು ಅಂತ ಎಲ್ಲರೂ ಬೈತಾರೆ. ವಾಲ್ಯೂಮ್ ಎಷ್ಟು ತಿರುಗಿಸಿದರೂ ಮೆಲ್ಲಗೇ ಬರೋ ಹಾಗೆ ಮಾಡಿ." ಒಳಗಿನ ವೈರಿಂಗ್ ಬದಲಿಸಿಕೊಟ್ಟೆ.

ಎರಡು ಭಾನುವಾರ ಕಳೆದ ಮೇಲೆ ಫಾದರ್ ಖುದ್ದಾಗಿ ಅದೇ ಗಿಟಾರ್ ಹೊತ್ತು ತಂದರು. "ದಯವಿಟ್ಟು ಮೊದಲಿನ ಹಾಗೇ ಮಾಡಿಬಿಡಿ. ಈಗ ಹಾಡೋರ ದನಿ ಕೇಳಿಸ್ತಿದೆ."

ಆಯುಧಪೂಜೆ

ಆಯುಧಪೂಜೆಯ ಮಧ್ಯಾಹ್ನ. ನನ್ನ ಉಪಕರಣಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು. ಮೆಕ್ಯಾನಿಕ್ ಓಡಿಬಂದರು. ಸಂಜೆಯೇ ಕಾರ್ಯಕ್ರಮ. ಮನಸ್ಸು ತಡೆಯದೆ ಹಿಂದಿನ ದಿನ ತಾವೇ ತಂತಿ ಇಳಿಸಿದ್ದರು. ಈಗ ಅವು ಪಟ್ಟಿಗಳ ಮೇಲೆ ಮಲಗಿಬಿಟ್ಟಿದ್ದವು.

ಸ್ಕ್ರೂಡ್ರೈವರ್ ಕಡೆ ಕೈ ಚಾಚಿದೆ.

"ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟೋ ಹಾಗಿಲ್ಲ ಕಣ್ರೀ," ಎಂದಳು ಹೆಂಡತಿ.

"ನನ್ನ ಸ್ಪ್ಯಾನರ್‌ಗಳೂ ಪೂಜೇಲವೆ," ಎಂದರು ಮೆಕ್ಯಾನಿಕ್.

"ಮತ್ತೆ ಗಿಟಾರ್ ಯಾಕೆ ಇಟ್ಟಿಲ್ಲ?" ಕೇಳಿದಳು ಅವಳು.

"ಸ್ಪ್ಯಾನರ್ ಹೊಟ್ಟೆಪಾಡಿಂದು ಅಕ್ಕ. ಇದು ಆಸೇದು."

ಹೆಂಡತಿ ತಲೆದೂಗಿದಳು. ಸ್ಕ್ರೂಡ್ರೈವರ್ ಮಾತ್ರ ಕೊಡಲಿಲ್ಲ.

ಆ ಗಿಟಾರಿನಲ್ಲಿ ತಂತಿ ಹೊರುವ ಬ್ರಿಡ್ಜಿನ ಕೆಳಗೆ ಎರಡು ಪುಟ್ಟ ಚಕ್ರಗಳಿದ್ದವು. ತಂತಿ ಸಡಿಲಿಸಿ, ಚಕ್ರಗಳನ್ನು ಬೆರಳಲ್ಲೇ ತಿರುಗಿಸಿ ಏರಿಸಿದೆ. "ಬೆರಳನ್ನೇನೂ ಪೂಜೆಗಿಟ್ಟಿಲ್ಲವಲ್ಲ," ಎಂದೆ.

ಮೆಕ್ಯಾನಿಕ್ ಶ್ರುತಿ ಮಾಡಿಕೊಂಡು ಓಡಿದರು. ಹೆಂಡತಿ ಕುಂಕುಮದ ಬಟ್ಟಲು ತಂದು ನನ್ನ ಹತ್ತೂ ಬೆರಳಿಗೆ ಬೊಟ್ಟಿಟ್ಟಳು. "ಇವೂ ಆಯುಧವೇ. ನಾಳೆವರೆಗೂ ಕೆಲಸ ಮಾಡೋ ಹಾಗಿಲ್ಲ."

ಸಂಜೆ ನಾವಿಬ್ಬರೂ ಹೋಗಿದ್ದೆವು. ಒಂದು ಜೊರ್ ಕೂಡ ಇಲ್ಲದೆ ಮೆಕ್ಯಾನಿಕ್ ನುಡಿಸಿದರು. ಮಾವನವರು ಪಕ್ಕದ ಕುರ್ಚಿಯವರಿಗೆ "ನಮ್ಮಳಿಯ" ಎಂದರು. ಯಾರೂ ಕೇಳದೇ ಇದ್ದರೂ ಇನ್ನೊಮ್ಮೆ ಹೇಳಿದರು.

ಮನೆಗೆ ಬಂದೆವು. ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸ. ಹೆಂಡತಿ ಸಿಂಕಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

ನಾನು ಹತ್ತೂ ಬೆರಳು ಎತ್ತಿ ತೋರಿಸಿದೆ.